ಸೂಜಿಗೂ ಮುಂಚೆ ‘ಯಾವೂರು?’

ತಮಾಷೆಯನ್ನು ನಾನು ಹುಡುಕಿಕೊಂಡು ಹೋದವನಲ್ಲ, ಅದೇ ನನ್ನ ವಿಳಾಸ ವಿಚಾರಿಸಿಕೊಂಡು ಬರುತ್ತದೆ. ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ರಾಜಾಜಿನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದರೆ, ಅಲ್ಲಿಗೂ ಲಿಫ್ಟ್ ಹತ್ತಿ ಬಂದು ನನ್ನ ಕಾಲಬುಡದಲ್ಲಿ ಕೂತಿತು.

ನೋವಿನ ಮಾತ್ರೆಯ ಹಿತವಾದ ಮಂಪರು. ಕಿಟಕಿಯಾಚೆ ಮೆಟ್ರೋ ಮೋಡದ ಹಾಗೆ ತೇಲಿ ಹೋಗುತ್ತಿತ್ತು. ಒಮ್ಮೊಮ್ಮೆ ರೈಲೇ ನಿಂತುಬಿಟ್ಟು, ನಮ್ಮ ವಾರ್ಡು ಮಂಚಗಳ ಸಮೇತ ತುಮಕೂರು ರಸ್ತೆ ಕಡೆ ಹೊರಟಂತೆ ಕಾಣುತ್ತಿತ್ತು. ಆ ಅರೆನಿದ್ದೆಯಲ್ಲೇ ನಾನೊಬ್ಬ ನರ್ಸನ್ನು ತಯಾರು ಮಾಡಿದೆ. ನಂಬದಿದ್ದರೆ ಬಿಡಿ, ನನ್ನ ಹೆಂಡತಿಯೂ ನಂಬಿಲ್ಲ.

ಊರು ಕೇಳುವ ವಿದ್ಯೆ

ಆ ವಾರ್ಡಿನ ದೊಡ್ಡ ಸಿಸ್ಟರ್ ಡ್ರಿಪ್ ಹಾಕುವುದಕ್ಕೆ ಒಂದು ಪದ್ಧತಿಯಿತ್ತು. ಕೈಗೆ ರಬ್ಬರ್ ಪಟ್ಟಿ ಬಿಗಿದು, “ಯಾವೂರಾಯ್ತು ನಿಮ್ದು?” ಅಂತ ಕೇಳೋರು. ನಾವು ಊರನ್ನು ನೆನೆದು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಒಳಗೆ. ಉತ್ತರ ಅವರಿಗೆ ಬೇಕೇ ಇರಲಿಲ್ಲ. ಒಂದು ಸಲ ನಾನು “ಲಂಡನ್” ಅಂದೆ. “ಒಳ್ಳೆ ಊರು, ಬೋರ್‌ವೆಲ್ ನೀರು ಚೆನ್ನಾಗಿದೆ” ಅಂದು ಪಕ್ಕದ ಮಂಚಕ್ಕೆ ಹೋದರು.

ಹೊಸ ಸಿಸ್ಟರೊಬ್ಬಳು ಆಗಷ್ಟೇ ಸೇರಿದ್ದಳು. ಕೈ ಚೆನ್ನಾಗಿತ್ತು, ಧೈರ್ಯ ಮಾತ್ರ ಇನ್ನೂ ಮನೆಯಿಂದ ಹೊರಟಿರಲಿಲ್ಲ. ಸೀನಿಯರ್‌ಗಳನ್ನು ನೋಡಿ ಕಲಿತು ನನ್ನ ಕೈಗೆ ಪಟ್ಟಿ ಬಿಗಿದಳು.

“ಯಾವೂರು ಅಂಕಲ್?”

“ಹುಟ್ಟಿದ್ದು ಕೆಂಗೇರಿ ಕಣಮ್ಮ.”

“ಅಯ್ಯೋ, ನಮ್ದೂ ಕೆಂಗೇರಿ! ಕೆರೆ ಕಡೆನಾ, ಬಸ್ ಸ್ಟ್ಯಾಂಡ್ ಕಡೆನಾ?”

ಅಲ್ಲಿಗೆ ಸೂಜಿ ಟ್ರೇನಲ್ಲೇ ಮಲಗಿತು. ಅವಳ ಸೋದರತ್ತೆ ಮನೆ ಬಂತು, ನಮ್ಮ ಹಳೇ ಹುಣಸೆಮರ ಬಂತು. ನನ್ನ ಕೈ ನೇರಳೆ ಬಣ್ಣಕ್ಕೆ ತಿರುಗಿದ್ದು ಇಬ್ಬರಿಗೂ ಗೊತ್ತಿಲ್ಲ. ನಾನಂತೂ ಕೆಂಗೇರಿ ಕೆರೆಯಲ್ಲಿ ಅಂಗಾತ ತೇಲುತ್ತಿದ್ದೆ. ದೊಡ್ಡ ಸಿಸ್ಟರ್ ಓಡಿಬಂದು ಪಟ್ಟಿ ಬಿಚ್ಚಿದರು.

“ಊರು ಕೇಳು ಅಂದ್ರೆ, ಸಂಬಂಧ ಕುದುರಿಸ್ತಾ ಇದೀಯಲ್ಲೇ!”

ಆಡಬಾರದ ಮಾತು

ನರ್ಸುಗಳಲ್ಲಿ ಒಂದು ನಂಬಿಕೆಯಿದೆ. “ಇವತ್ತು ವಾರ್ಡ್ ಖಾಲಿ” ಅಂತ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಬಾಪೂಜಿ ನಗರದಿಂದ ಬಸವೇಶ್ವರನಗರದವರೆಗೆ ಇರುವವರಿಗೆಲ್ಲ ಒಟ್ಟಿಗೆ ಕಾಯಿಲೆ ಬರುತ್ತದೆ. ಹೊಸ ಸಿಸ್ಟರ್ ಗೊತ್ತಿಲ್ಲದೆ ಒಂದು ಮಧ್ಯಾಹ್ನ, “ಇವತ್ತು ಎಷ್ಟು ಫ್ರೀ ಅಲ್ವಾ?” ಅಂದುಬಿಟ್ಟಳು. ಸೀನಿಯರ್‌ಗಳೆಲ್ಲ ಮರದ ಮೇಜನ್ನು ಮುಟ್ಟಿ ನಮಸ್ಕಾರ ಮಾಡಿದರು. ಮೇಜು ಪ್ರಸನ್ನವಾಗಲಿಲ್ಲ. ಸಂಜೆಯೊಳಗೆ ಬೀಗರೂಟಕ್ಕೆ ಹೋದ ಒಂದು ಮಿನಿ ಬಸ್ ಜನ ಹೊಟ್ಟೆ ಹಿಡಿದುಕೊಂಡು ಬಂದರು. ಎಲ್ಲರ ಕಣ್ಣೂ ಅವಳ ಮೇಲೆ.

ಪಾಪ, ಪಾಠ ಕಲಿತಳು. ಆ ಬಸ್ಸಿನವರಲ್ಲಿ ಒಬ್ಬರನ್ನು ಬಿಟ್ಟು ಎಲ್ಲ ಮನೆಗೆ ಹೋದ ಮೇಲೆ, ಯಾರೋ ಜ್ವರದ ಅಜ್ಜನನ್ನು ಕರೆತಂದು, “ಸಿಸ್ಟರ್, ಬೆಡ್ ಖಾಲಿ ಇದ್ಯಾ?” ಅಂದರು. ಅವಳು ಸಾಲುಸಾಲು ಖಾಲಿ ಮಂಚಗಳ ನಡುವೆ ನಿಂತು, “ಇಲ್ಲ ಸಾರ್, ಫುಲ್ ರಶ್!” ಅಂದಳು. ಅಜ್ಜ ಲಿಫ್ಟಿನಲ್ಲಿ ಇಳಿದರು. ಅವರ ಹಿಂದೆ ದೊಡ್ಡ ಸಿಸ್ಟರ್ ಮೆಟ್ಟಿಲಿನಲ್ಲಿ ಇಳಿದರು. ಮೊದಲು ಕೆಳಗೆ ಮುಟ್ಟಿದ್ದು ದೊಡ್ಡ ಸಿಸ್ಟರೇ.

ಅಜ್ಜನನ್ನು ಮಲಗಿಸಿ ಬಂದು ಅವರು ಹೇಳಿದರು: “ನೋಡಮ್ಮ, ನಾಳೆ ನನ್ನ ಕಣ್ಣೆದುರು ಒಂದು ಡ್ರಿಪ್ ನೀನೇ ಹಾಕ್ಬೇಕು. ಆಗ್ಲಿಲ್ವಾ, ಕೆಳಗೆ ಟೋಕನ್ ಕೌಂಟರಲ್ಲಿ ಕೂತ್ಕೋ.”

ಹುಡುಗಿ ಕಿಟಕಿ ಹತ್ತಿರ ನಿಂತು ತೇಲಿ ಹೋಗುವ ಮೆಟ್ರೋವನ್ನೇ ನೋಡುತ್ತಿದ್ದಳು. ನರ್ಸಿಂಗ್ ಓದಿದ್ದು ಟೋಕನ್ ಹರಿಯೋದಕ್ಕಾ ಅಂತ ಅವಳ ಬೆನ್ನೇ ಹೇಳುತ್ತಿತ್ತು.

“ಹೆದರ್ಬೇಡ ಕಣಮ್ಮ, ನಾನಿದೀನಿ” ಅಂದೆ. ಹಾಗಂದವನು ಮಂಪರಿಗೆ ಜಾರಿದೆ.

ಇರುವೆಯ ಕಾಲು

ಮಾರನೆಯ ದಿನ ಡ್ರಿಪ್ ಬೇಕಾಗಿದ್ದು ನನ್ನ ಪಕ್ಕದ ಮಂಚದ ಗೌಡರಿಗೆ. ಬೀಗರೂಟದ ಗುಂಪಿನಲ್ಲಿ ಉಳಿದವರು ಅವರೊಬ್ಬರೇ. ನಾಗರಬಾವಿಯ ಹಳೇ ಊರಿನವರು, ಸ್ಟೂಡೆಂಟ್‌ಗಳಿಗೆ ರೂಮು ಬಾಡಿಗೆ ಕೊಟ್ಟು ಯಾರ ಮಾತನ್ನೂ ನಂಬದ ಸ್ವಭಾವ.

“ಹೊಸಬ್ರು ಬ್ಯಾಡ. ದೊಡ್ಡೋರ್ನ ಕರೀರಿ” ಅಂತ ಗೌಡರು ಕೈ ಹೊದಿಕೆಯೊಳಗೆ ಸೇರಿಸಿದರು. ದೊಡ್ಡ ಸಿಸ್ಟರ್ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು, ಕದಲಲಿಲ್ಲ.

ಹೊಸ ಸಿಸ್ಟರ್ ಗೌಡರ ಊರು ಕೇಳಲಿಲ್ಲ. ನನ್ನ ಕಡೆ ತಿರುಗಿ, “ಅಂಕಲ್, ನಿಮ್ಮ ಲೇತ್ ಮೆಷಿನ್ ಕಥೆ ಹೇಳ್ತೀನಿ ಅಂದಿದ್ರಲ್ಲ?” ಅಂದಳು.

ನನಗೆ ಇಷ್ಟು ಸಾಕು. “ಅದಾ? ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ನಾನು ಕಡೆದ ಬೋಲ್ಟು ಎಷ್ಟು ನುಣುಪು ಅಂದ್ರೆ, ಅದರ ಮೇಲೆ ಹತ್ತಿದ ಇರುವೆ ಜಾರಿ ಬಿದ್ದು ಕಾಲು ಮುರ್ಕೊಂಡಿತ್ತು.”

“ಸುಳ್ಳು!” ಗೌಡರು ಎದ್ದು ಕೂತರು. ಹೊದಿಕೆ ಜಾರಿತು. “ಕಾಲು ಮುರಿದಿದ್ದು ನಿಮ್ಗೆಂಗ್ ಗೊತ್ತಾಯ್ತು?”

“ಕುಂಟ್ತಾ ಇತ್ತು ಗೌಡ್ರೇ.”

“ಆರು ಕಾಲಲ್ಲಿ ಒಂದು ಹೋದ್ರೆ ಕುಂಟ್ತದೇನ್ರೀ?”

“ನಿಮ್ಮ ಊರಿನ ಇರುವೆ ಕುಂಟಲ್ಲ. ನಮ್ಮ ರಾಜಾಜಿನಗರದ್ದು ಸ್ವಲ್ಪ ನಾಜೂಕು.”

“ಯಾವ ಕಾಲು? ಹೇಳಿ ನೋಡೋಣ!”

“ಎಡಗಡೆ, ನಡುವಿಂದು. ನಾನೇ ಪಟ್ಟಿ ಕಟ್ಟಿ ಕಳಿಸ್ದೆ.”

ಗೌಡರು ಉಸಿರುಗಟ್ಟಿ ನಕ್ಕು, ಕಣ್ಣೊರೆಸಿಕೊಂಡು, ಕೊನೆಗೆ ನಿಟ್ಟುಸಿರಿಟ್ಟರು. “ಆಯ್ತು, ಎಲ್ಲಮ್ಮ ಸೂಜಿ? ಚುಚ್ಚೋದಿದ್ರೆ ಬೇಗ ಚುಚ್ಚು.”

“ಡ್ರಿಪ್ ಆಗ್ಲೇ ಓಡ್ತಾ ಇದೆ ಅಣ್ಣ” ಅಂದಳು ಹೊಸ ಸಿಸ್ಟರ್. ಬಾಟಲಿಯಿಂದ ಹನಿಹನಿಯಾಗಿ ಇಳಿಯುತ್ತಿತ್ತು.

ದೊಡ್ಡ ಸಿಸ್ಟರ್ ಹತ್ತಿರ ಬಂದು ಪ್ಲಾಸ್ಟರ್ ಮುಟ್ಟಿ ನೋಡಿದರು. “ಯಾಕೇ, ಊರು ಕೇಳ್ಲಿಲ್ಲ?”

“ಕೇಳಿದ್ರೆ ನಂಗೇ ಮಾತು ಬೆಳೆದುಬಿಡತ್ತೆ ಸಿಸ್ಟರ್. ಅದಕ್ಕೆ ಮಾತು ಅಂಕಲ್‌ಗೆ ಬಿಟ್ಟೆ, ಸೂಜಿ ನಾನಿಟ್ಕೊಂಡೆ.”

“ಟೋಕನ್‌ಗೆ ಬೇರೆ ಯಾರನ್ನಾದ್ರೂ ನೋಡ್ತೀನಿ ಬಿಡು” ಅಂದರು ದೊಡ್ಡ ಸಿಸ್ಟರ್, ನಗು ಮುಚ್ಚಿಕೊಂಡು.

ನನಗೋ ಹೆಮ್ಮೆಯಲ್ಲಿ ಎದೆ ಉಬ್ಬಿ ಹೊಲಿಗೆ ಎಳೆಯತೊಡಗಿತು. ಅಷ್ಟರಲ್ಲಿ ನನ್ನ ಹೆಂಡತಿ ಫ್ಲಾಸ್ಕ್ ಹಿಡಿದು ಬಂದಳು. “ಕೇಳಿದ್ಯೇನೇ? ನಾನು ಕಥೆ ಹೇಳಿದ್ರೆ ಜನಕ್ಕೆ ಸೂಜಿ ಚುಚ್ಚಿದ್ದೂ ಗೊತ್ತಾಗಲ್ವಂತೆ!”

ಅವಳು ಫ್ಲಾಸ್ಕ್ ಕೆಳಗಿಟ್ಟು ದೊಡ್ಡ ಸಿಸ್ಟರ್ ಕಡೆ ತಿರುಗಿದಳು.

“ಅಲ್ಲಾ ಸಿಸ್ಟರ್, ಮದುವೆಯಾದಾಗಿಂದ ನಂಗೆ ಕೈಕಾಲು ಜೋಮು. ಸುಮ್ನೆ ವಿಟಮಿನ್ ಮಾತ್ರೆ ನುಂಗ್ತಾ ಇದ್ದೆ. ಕಾರಣ ಇಲ್ಲಿ ಮಲಗಿದೆ ನೋಡಿ!”