ಕೇಪಳದ ಜಾತಿ ಬಿಡಿಸುವ ಕೆಲಸ

ಬೇಲಿ ಬದಿಯಲ್ಲಿ ಕೆಂಪು ಗೊಂಚಲು ಬಿಡುವ ಕೇಪಳದಲ್ಲಿ ಎಷ್ಟು ಜಾತಿ ಉಂಟೆಂದು ವಿಂಗಡಿಸಿ ಬರೆಯುವುದು ನನ್ನ ಪಿಎಚ್‌ಡಿ ಕೆಲಸ. ಗಿಡಗಳು ಮಾತಾಡುವುದಿಲ್ಲ ಎಂಬ ಧೈರ್ಯದಲ್ಲಿ ಈ ವಿಷಯ ಆರಿಸಿಕೊಂಡೆ. ಆದರೆ ಪ್ರತಿ ಗಿಡದ ಹಿಂದೆಯೂ ಮಾತಾಡುವವರೊಬ್ಬರು ಇದ್ದೇ ಇರುತ್ತಾರೆ.

ಬೇಲಿ

ಇಚಿಲಂಪಾಡಿಯಲ್ಲಿ ಬೇಲಿ ಬದಿ ಕೂತು, ಸ್ಕೇಲ್ ಹಿಡಿದು ಎಲೆ ಅಳೆಯುತ್ತಿದ್ದೆ. ತೋಟದ ಯಜಮಾನರು ಬಂದರು.

“ಎಂತ ಮಗಾ, ಸರ್ವೆಯಾ?”

“ಅಲ್ಲ, ಕೇಪಳದ ಎಲೆ ಅಳೆಯುದು.”

ಅವರು ಆಚೀಚೆ ನೋಡಿ ಸ್ವರ ತಗ್ಗಿಸಿದರು. “ಬೇಲಿ ಮೊದಲು ಆ ತೆಂಗಿನ ಮರದ ಆಚೆ ಇತ್ತು. ಅದನ್ನೂ ಒಂದು ಗೆರೆ ಸೇರಿಸು. ಗಿಡವೇ ಹೇಳಿತು ಅಂತ ಬರಿ.”

ಮೂರು ಗೆಲ್ಲು

ನಾನು ಎರಡು ವಾರ ಲೆನ್ಸಿನಲ್ಲಿ ನೋಡಿಯೂ ಬೇರ್ಪಡಿಸಲಾಗದ, ಬೇರೆ ಬೇರೆ ಊರಿನ ಗಿಡಗಳಿಂದ ತಂದ ಮೂರು ಗೆಲ್ಲುಗಳನ್ನು ಆಲೆಟ್ಟಿಯ ಒಬ್ಬರು ಅಜ್ಜಿ ಚಿಗುರು ಜಗಿದೇ ಬೇರ್ಪಡಿಸಿದರು.

“ಇದು ತಂಬುಳಿಗೆ. ಇದು ದೇವರಿಗೆ. ಇದು ಥೂ, ಎಂತಕ್ಕೂ ಆಗುದಿಲ್ಲ.”

ಆ ಮೂರನೆಯದ್ದೇ ಹೊಸ ಪ್ರಭೇದ ಇರಬಹುದೆಂದು ನನ್ನ ಗೈಡ್ ಮೇಡಂ ಹೇಳಿದ್ದರು. ಅಜ್ಜಿಗೆ ಅದನ್ನು ತಿಳಿಸಿದೆ.

“ಹೊಸತಾ? ಹಾಗಾದರೆ ಹೆಸರಾದ್ರೂ ಒಳ್ಳೇದಿಡು ಮಗಾ. ರುಚಿಯಂತೂ ಇಲ್ಲ.”

ಗೊಂಚಲು

ಹೂ ಸಿಗದೆ ಹೊಸ ಪ್ರಭೇದದ ಲಕ್ಷಣ ಬರೆಯುವ ಹಾಗಿಲ್ಲ. ನಾನು ಕಂಡಂತೆ ಆ ಮೂರನೆಯ ಗೆಲ್ಲಿನ ಗಿಡ ಇದ್ದದ್ದು ಒಂದೇ, ಕೊಲ್ಲಮೊಗ್ರಿನ ಒಂದು ಮನೆಯ ಅಂಗಳದ ಬದಿಯಲ್ಲಿ. ಮೊಗ್ಗು ಬಂದದ್ದು ಒಂದೇ ಗೊಂಚಲು. “ಅಕ್ಕ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ” ಎಂದು ಆ ಮನೆಯಾಕೆಗೆ ಹೇಳಿ ಬಂದೆ.

ಅರಳಿದ ದಿನ ಓಡಿದೆ. ಒಂದು ಹೂವೂ ಉದುರಿರಲಿಲ್ಲ.

“ದೈವಕ್ಕೆ ಬಿಟ್ಟದ್ದು ಅಂತ ಊರಿಗೆಲ್ಲ ಹೇಳಿದೆ” ಎಂದರು ಅಕ್ಕ. “ಮತ್ತೆ ಯಾರು ಮುಟ್ತಾರೆ?”

ನಾನು ಕೈ ಚಾಚಿದೆ. ಅಕ್ಕ ತಡೆದರು. “ನೀನೆಂತ ಮಾಡುದು ಮಾರಾಯ್ತಿ? ಯಾರೂ ಮುಟ್ಟಬಾರದು ಅಂದದ್ದು ನೀನೇ ಅಲ್ವಾ!”

ಕೊನೆಗೆ ಅವರ ಮಾವ ಸ್ನಾನ ಮಾಡಿ ಬಂದು, ಗೊಂಚಲನ್ನು ಕೊಯ್ದು ದೈವದ ಮುಂದಿಟ್ಟು, ಗಂಧ ಹಚ್ಚಿ ಪ್ರಸಾದವೆಂದು ನನ್ನ ಕೈಗೆ ಹಾಕಿದರು. ಪ್ರಸಾದವನ್ನು ಅವರೆದುರೇ ಮಾದರಿ ಒಣಗಿಸುವ ರಟ್ಟುಗಳ ನಡುವೆ ಇಟ್ಟು ಹಗ್ಗ ಬಿಗಿಯಲು ನನಗೆ ಧೈರ್ಯ ಬರಲಿಲ್ಲ. ಬಾಡದಿರಲಿ ಎಂದು ಬೇಡಿಕೊಳ್ಳುತ್ತ ಬಸ್ಸಿನಲ್ಲಿ ಪುತ್ತೂರಿಗೆ, ನೇರ ಕಾಲೇಜಿಗೆ ತಂದೆ.

ಮೇಡಂ ಲೆನ್ಸ್ ಹಿಡಿದರು. “ದಳದ ಮೇಲೆ ಎಂತ ಇದು ಹಳದಿ ಪುಡಿ? ಹೊಸ ಲಕ್ಷಣವಾ?”

“ಅಲ್ಲ ಮೇಡಂ, ಗಂಧ. ದೈವದ ಪ್ರಸಾದ.”

“ಅಯ್ಯೋ, ಮೊದಲೇ ಹೇಳುದಲ್ವಾ!”

ಮೇಡಂ ಚಪ್ಪಲಿ ಕಳಚಿದರು, ಗೊಂಚಲನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು, ಮುಡಿಗೆ ಸಿಕ್ಕಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆಲ್ ಹೊಡೆಯಿತು. ಜಗತ್ತಿನಲ್ಲಿ ಇನ್ನೂ ಹೆಸರಿಲ್ಲದ ಆ ಹೂ ಅವರ ತಲೆಯಲ್ಲಿ ಕೂತು, ಬಾಡುತ್ತ ಬಾಡುತ್ತ, ಎರಡು ಕ್ಲಾಸ್ ಮುಗಿಸಿತು. ಪಾಠ: ಅಪರೂಪದ ಸಸ್ಯಮಾದರಿಗಳನ್ನು ಕೆಡದಂತೆ ಕಾಪಾಡುವ ವಿಧಾನ.