ಕುಡಿಮೀಸೆಗೊಂದು ಸ್ವಂತ ವಾಕ್ಯ

ಈ ವರ್ಷ ತನ್ನ ತರಗತಿಯಲ್ಲಿ ಒಂದೇ ಒಂದು ಇಂಗ್ಲಿಷ್ ಪದವೂ ಸುಳಿಯಕೂಡದೆಂದು ತ್ರಿವಿಕ್ರಮ ಪೋಷಕರೆದುರು ಘೋಷಿಸಿಬಿಟ್ಟಿದ್ದ. ವಾರವೆಲ್ಲ ಕಡಲಾಚೆಯ ಪ್ಯಾರಮಟ್ಟಾದ ಆಫೀಸಿನಲ್ಲಿ ಇಂಗ್ಲಿಷ್ ಅರೆಯುವ ಈತ ಭಾನುವಾರ ಮಾತ್ರ ಮಕ್ಕಳ ಕನ್ನಡ ಶಾಲೆಯ ಮೇಷ್ಟ್ರು. ಆ ಪದವಿಗೆ ತಕ್ಕಂತೆ ಮೀಸೆಯನ್ನೂ ಹುರಿಮಾಡಿ ಬೆಳೆಸಿದ್ದ.

ಮೊದಲ ಪಾಠ ಜಿರಳೆ. ಅಂಗಗಳ ಹೆಸರು ಬರೆದು, ಒಂದೊಂದಕ್ಕೂ ಸ್ವಂತ ವಾಕ್ಯ ಮಾಡಬೇಕು. ಶನಿವಾರ ಕೆಲ್ಲಿವಿಲ್‌ನ ಮನೆಯಲ್ಲಿ ಮಗಳು ಆದ್ಯಾ ಚಿತ್ರ ಹಿಡಿದು ಬಂದಳು.

"ಅಪ್ಪಾ, ವಾಟ್ಸ್ ಆಂಟೆನಾ ಇನ್ ಕನ್ನಡ?"

"ಕುಡಿಮೀಸೆ."

ಅಡುಗೆಮನೆಯಿಂದ ಹೆಂಡತಿ ಊರ್ಮಿಳಾ ನಕ್ಕಳು. "ಮೀಸೇನ ಯಾರ್ರೀ ಕುಡೀತಾರೆ?"

ತ್ರಿವಿಕ್ರಮನಿಗೆ ಮೈ ಉರಿದುಹೋಯಿತು. ವಿಜ್ಞಾನದ ಪುಸ್ತಕದಲ್ಲಿ ಅಚ್ಚಾದ ಪದ ಹೀಗೆ ನಗೆಪಾಟಲಾಗುವುದೆ? "ಕುಡಿ ಅಂದ್ರೆ ತುದಿ ಕಣೇ. ಬಳ್ಳಿ ಕುಡಿ ಅನ್ನಲ್ವಾ?"

"ಬಟ್ ಕಾಕ್ರೋಚ್‌ಗೆ ನೋ ಮುಸ್ಟಾಶ್. ಯೂ ಹ್ಯಾವ್ ಒನ್," ಎಂದಳು ಆದ್ಯಾ.

ಇನ್ನು ಪ್ರತ್ಯಕ್ಷ ಪ್ರಮಾಣವೇ ಆಗಬೇಕು! ಊರ್ಮಿಳಾ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದದ್ದೇ ತಡ, ಕೈಗೆ ಸಿಕ್ಕ ಗಾಜಿನ ಬಾಟಲಿಯ ಚಟ್ನಿಪುಡಿಯನ್ನು ಬಟ್ಟಲಿಗೆ ಸುರಿದು, ಗ್ಯಾರೇಜಿನಿಂದ ಒಂದು ಜಿರಳೆಯನ್ನು ಆ ಬಾಟಲಿಯಲ್ಲಿ ಹಿಡಿದು ತಂದ.

"ನೋಡು ಪುಟ್ಟಿ, ಹಿಂದೆ ಮುಂದೆ ಯಾರು ಬಂದ್ರೂ ಮೊದಲು ಗೊತ್ತಾಗೋದು ಕುಡಿಮೀಸೆಗೇ. ಅದಿರೋ ಪ್ರಾಣಿ ಸುಲಭಕ್ಕೆ ಸಿಕ್ಕಿಹಾಕ್ಕೊಳ್ಳಲ್ಲ."

"ಅದು ನಮ್ಮಮ್ಮ ಮಾಡಿಟ್ಟುಹೋದ ಚಟ್ನಿಪುಡಿ ಬಾಟಲಿ ಅಲ್ವೇನ್ರೀ?" ಬೆನ್ನ ಹಿಂದೆಯೇ ಊರ್ಮಿಳಾ.

ಬಾಟಲಿ ಕೈಜಾರಿ ಬಟ್ಟಲಿನ ಮೇಲೆ ಬಿತ್ತು. ಜಿರಳೆ ಚಟ್ನಿಪುಡಿಯಲ್ಲಿ ಹೊರಳಿ ತ್ರಿವಿಕ್ರಮನ ಪೈಜಾಮ ಹತ್ತಿತು. ಕನ್ನಡ ಮೇಷ್ಟ್ರು ಸೋಫಾ ಹತ್ತಿ, "ಓ ಮೈ ಗಾಡ್! ಹೆಲ್ಪ್!" ಎಂದು ಕೂಗಿದ. ಊರ್ಮಿಳಾ ಪೊರಕೆಯ ಒಂದೇ ಏಟಿಗೆ ಪಾಠ ಮುಗಿಸಿದಳು. ಏಟಿನ ಮುಕ್ಕಾಲು ಪಾಲು ಅವನ ಮೊಣಕಾಲಿಗೇ ಬಿತ್ತು.

ನಡೆದದ್ದು ಮನೆಯಲ್ಲೇ ಇರಲೆಂದು ತ್ರಿವಿಕ್ರಮ ಇಬ್ಬರಿಗೂ ಕೈಮುಗಿದ. ಆಡಿಕೊಳ್ಳುವವರ ಬಾಯಿಗೆ ಬಿದ್ದರೆ ಮೇಷ್ಟ್ರ ಮಾನ ಉಳಿದೀತೆ?

ಭಾನುವಾರ ಹಿಂದಿನ ಬೆಂಚುಗಳ ತುಂಬ ಪೋಷಕರು. ಆದ್ಯಾ ಎದ್ದು ನಿಂತು ಓದಿದಳು:

"ನಮ್ಮ ಅಪ್ಪನಿಗೆ ದೊಡ್ಡ ಕುಡಿಮೀಸೆ ಇದೆ. ಆದರೂ ಅಮ್ಮ ಹಿಂದೆ ಬಂದದ್ದು ಅವರಿಗೆ ಗೊತ್ತಾಗಲಿಲ್ಲ."

ಪೋಷಕರು ಬೆಂಚು ತಟ್ಟಿ ನಕ್ಕರು. ಎಲ್ಲರಿಗಿಂತ ಜೋರಾಗಿ ಊರ್ಮಿಳಾ. ತ್ರಿವಿಕ್ರಮ ಕೆಂಡವಾಗಿ ನೋಟ್‌ಬುಕ್ ಕಿತ್ತುಕೊಂಡು, ಕೆಂಪು ಪೆನ್ನು ಹಿಡಿದು ತಪ್ಪು ಹುಡುಕಿದ. ಒತ್ತಕ್ಷರ ಸರಿ. ವಿಭಕ್ತಿ ಸರಿ. ಹಾಳಾದ್ದು, ಒಂದೇ ಒಂದು ಇಂಗ್ಲಿಷ್ ಪದವೂ ಇರಲಿಲ್ಲ.