ಬಾಳವ್ವನ ನಾಲ್ಕನೆಯ ಗಾಲಿ

ಬೆಳಗಾವಿಯ ಸಮೃದ್ಧಿ ಪ್ರಾರ್ಥನಾ ಸಭೆಯಲ್ಲಿ ಬಡವರು ಯಾರೂ ಇಲ್ಲ ಎಂಬುದು ಕಳೆದ ಮಾರ್ಚ್ ಮೂವತ್ತೊಂದರಂದು ಸರ್ವಾನುಮತದಿಂದ ತೀರ್ಮಾನವಾಯಿತು. ಒಬ್ಬರು ಮಾತ್ರ ಉಳಿದಿದ್ದರು. ಅವರನ್ನು ಏಪ್ರಿಲ್ ಮುಗಿಯುವುದರೊಳಗೆ ಇತ್ಯರ್ಥಪಡಿಸಬೇಕೆಂದು ಸಭೆಯ ಕಚೇರಿಗೆ, ಎಂದರೆ ನನಗೆ, ಸೂಚನೆ ಬಂತು.

ಕಚೇರಿ ಇರುವುದು ಶಹಾಪುರದಲ್ಲಿ, ಹಿಂದೆ ಮಗ್ಗಗಳಿದ್ದ ಒಂದು ಶೆಡ್ಡಿನ ಹಿಂಬದಿಯ ಕೋಣೆಯಲ್ಲಿ. ಮುಂಬದಿಯಲ್ಲಿ ಪ್ರಾರ್ಥನೆ. ಇಂಗ್ಲಿಷ್ ಮೀಡಿಯಮ್ ಓದಿದವಳೆಂದು ಅವರು ನನಗೆ ಕೆಲಸ ಕೊಟ್ಟರು. ಮಾತಾಡುವ ಕೆಲಸವಲ್ಲವೆಂದು ನಾನು ಒಪ್ಪಿಕೊಂಡೆ. ಫಾರ್ಮ್ ತುಂಬುವುದಷ್ಟೇ.

ಪಾಸ್ಟರ್ ಆಶಿಶ್ ಅವರ ಬೋಧನೆ ಬಹಳ ಸರಳ. ದೇವರು ರಾಜ. ನಾವು ರಾಜನ ಮಕ್ಕಳು. ರಾಜನ ಮಕ್ಕಳು ಬಸ್ಸಿನಲ್ಲಿ ನಿಂತು ಹೋದರೆ ಅವಮಾನ ರಾಜನಿಗೆ. ಆದಕಾರಣ ಸಭೆಗೆ ಸೇರಿದ ಪ್ರತಿಯೊಬ್ಬರೂ ಮೂರು ವರ್ಷದೊಳಗೆ ಕಣ್ಣಿಗೆ ಕಾಣುವಂಥ ಒಂದು ಆಶೀರ್ವಾದ ಪಡೆದು, ಅದನ್ನು 'ಸಾಕ್ಷಿ ಪತ್ರ ನಮೂನೆ 4'ರಲ್ಲಿ ದಾಖಲಿಸತಕ್ಕದ್ದು. ನಮೂನೆಯಲ್ಲಿ ಐದು ಆಶೀರ್ವಾದಗಳಿವೆ: ನಿವೇಶನ, ನಾಲ್ಕು ಚಕ್ರದ ವಾಹನ, ಬಂಗಾರ, ವಿದೇಶ ಪ್ರಯಾಣ, ಕೋರ್ಟಿನಲ್ಲಿ ಜಯ. ಮೊದಲು 'ಇತರೆ' ಎಂಬ ಕಾಲಂ ಕೂಡ ಇತ್ತು. ಯಾರೋ ಅದರಲ್ಲಿ 'ನೆಮ್ಮದಿ' ಎಂದು ಬರೆದರು. ಅದನ್ನು ಸ್ಥಳಕ್ಕೆ ಹೋಗಿ ಪರಿಶೀಲಿಸಲು ಬಾರದೆಂದು ಕಾಲಂ ತೆಗೆಯಲಾಯಿತು.

ಮೂರು ವರ್ಷದಲ್ಲಿ ಏನೂ ಬರದಿದ್ದರೆ ದೇವರ ಕಡೆಯಿಂದ ವಿಳಂಬವಿಲ್ಲ ಎಂಬುದು ಸ್ಪಷ್ಟ. ಅಂಥವರ ಹೆಸರು 'ವಿಶ್ವಾಸ ಬಾಕಿ ಪಟ್ಟಿ'ಗೆ ಹೋಗುತ್ತದೆ. ಅವರು ಹಿಂದೆ, ಫ್ಯಾನ್ ಇಲ್ಲದ ಸಾಲಿನಲ್ಲಿ ಕೂರಬೇಕು.

ಆ ಸಾಲಿನಲ್ಲಿ ಉಳಿದಿದ್ದವಳು ಖಾನಾಪುರದ ಬಾಳವ್ವ ಒಬ್ಬಳೇ. ಸ್ಟೇಷನ್ ರೋಡಿನಲ್ಲಿ ಕುದಿಸಿದ ಗೆಣಸು ಮಾರುತ್ತಾಳೆ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ರವಿವಾರ ಪ್ಯಾಸೆಂಜರ್ ರೈಲಿಗೆ ಬರುತ್ತಾಳೆ. ಸೆರಗಿನಲ್ಲಿ ನನಗೊಂದು ಗೆಣಸು ಕಟ್ಟಿಕೊಂಡು ಬರುತ್ತಾಳೆ. ನಾನು ನಮೂನೆ ತೆಗೆದು ಕೂತೆ.

"ಮಾವಶಿ, ವಿಶ್ವಾಸದಿಂದ ನಿಮಗ ಏನ್ ಸಿಕ್ಕೈತಿ?"

"ಏನ್ ಸಿಗಬೇಕಾಗಿತ್ರಿ ಬಾಯಾರ?"

"ಸೈಟು?"

"ಇಲ್ರಿ."

"ಬಂಗಾರ?"

"ಮೂಗಿನ ನತ್ತ ಒಂದಿತ್ರಿ. ನಮ್ಮ ಮನಿಯವರ ದವಾಖಾನಿಗೆ ಹೋತು."

"ಪರದೇಶಕ್ಕ ಹೋಗಿದ್ರೇನು?"

"ಗೋವಾದ ಗಡಿ, ಕಣಕುಂಬಿ ತನಕ ಒಮ್ಮಿ ಹೋಗೀನ್ರಿ. ಭಾಳ ಥಂಡಿ. ಅಲ್ಲಿಂದ ಮುಂದ ಬ್ಯಾಡ ಅನಿಸ್ತು."

"ಮತ್ತ ಹನ್ನೊಂದು ವರ್ಷ ಯಾಕ ಬರಾಕತ್ತೀರಿ?" ಇದು ನಮೂನೆಯಲ್ಲಿ ಇಲ್ಲದ ಪ್ರಶ್ನೆ. ಹೇಗೋ ಬಾಯಿಂದ ಬಂತು.

ಬಾಳವ್ವ ಸೆರಗಿನ ಗಂಟು ಬಿಚ್ಚಿ ನನ್ನ ಗೆಣಸು ಮೇಜಿನ ಮೇಲಿಟ್ಟಳು. "ಮುಂಜಾನೆ ಏರಿನ್ಯಾಗ ಗಾಡಿ ದಬ್ಬತೀನಲ್ರಿ. ಮೊದಲ ಒಬ್ಬಾಕಿನ ದಬ್ಬತಿದ್ದೆ. ಈಗ ಒಬ್ಬಾಕಿನ ಅದೀನಿ ಅನ್ಸಂಗಿಲ್ಲ. ಅಷ್ಟರಿ."

ಅಷ್ಟನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಅವಳ ಮಾತಿನಲ್ಲಿ ಕಾಲಂಗೆ ಹೊಂದುವಂಥದ್ದು ಗಾಡಿ ಒಂದೇ.

"ಗಾಡಿಗೆ ಎಷ್ಟ ಗಾಲಿ, ಮಾವಶಿ?"

"ನಾಕ್ರಿ."

ನಾನು ಎರಡನೆಯ ಕಾಲಂಗೆ ಟಿಕ್ ಹಾಕಿದೆ. ಬಾಳವ್ವ ಫ್ಯಾನಿನ ಕೆಳಗೆ ಬಂದಳು.

ಪಾಸ್ಟರ್ ನಮೂನೆ ನೋಡಿ ಎದ್ದು ನಿಂತರು. "ಫೋರ್ ವ್ಹೀಲರ್! ಆಟೊಮ್ಯಾಟಿಕ್ಕೋ, ಮ್ಯಾನ್ಯುಅಲ್ಲೋ?"

"ಮ್ಯಾನ್ಯುಅಲ್ ಸರ್," ಎಂದೆ. ಕೈಯಿಂದ ದಬ್ಬುವ ಗಾಡಿಗೆ ಅದು ಸುಳ್ಳಲ್ಲ.

"ಆಟೊಮ್ಯಾಟಿಕ್ ಮುಂದಿನ ವರ್ಷ ಬರ್ತದ," ಎಂದು ಅವರು ಅಲ್ಲಿಯೇ ಪ್ರಾರ್ಥಿಸಿದರು.

ಒಂದೇ ವಾರದಲ್ಲಿ ಖಾನಾಪುರದ ಸ್ಟೇಷನ್ ರೋಡಿನಲ್ಲಿ ಎಂಟಡಿ ಅಗಲ, ಹನ್ನೆರಡಡಿ ಎತ್ತರದ ಫ್ಲೆಕ್ಸ್ ಎದ್ದಿತು. 'ಹನ್ನೊಂದು ವರ್ಷ ಬರಿಗೈ! ಇಂದು ನಾಲ್ಕು ಚಕ್ರದ ವಾಹನದ ಒಡತಿ! ನಿಮ್ಮ ಸರದಿ ಯಾವಾಗ?' ಮುಂದೆ ಬಾಳವ್ವನ ಫೋಟೊ, ಹಿಂದೆ ಕಂಪ್ಯೂಟರಿನವನು ತನ್ನ ಕಡೆಯಿಂದ ಕೂಡಿಸಿದ ಬಿಳಿಯ ಕಾರು. ಫ್ಲೆಕ್ಸಿನ ನೆರಳು ಚೆನ್ನಾಗಿ ಬೀಳುತ್ತಿದ್ದುದರಿಂದ ಬಾಳವ್ವ ಅದರ ಕೆಳಗೇ ಕೈಗಾಡಿ ನಿಲ್ಲಿಸತೊಡಗಿದಳು. ವಿಶ್ವಾಸದಿಂದ ಅವಳಿಗಾದ ಲಾಭಗಳಲ್ಲಿ ಈ ನೆರಳನ್ನು ಸೇರಿಸಬಹುದು.

ಅದೇ ನೆರಳಿನಲ್ಲಿ ನಿಂತು ಯಲ್ಲೇಶ ಎಂಬವರು ದಿನಾ ಗೆಣಸು ತಿನ್ನುತ್ತಿದ್ದರು. ಅವರು ಪಡಿತರ ಅರ್ಹತಾ ಮರುಪರಿಶೀಲನಾ ಘಟಕದ ನಿರೀಕ್ಷಕರು. ಒಂದು ದಿನ ಸಿಪ್ಪೆ ಸುಲಿಯುತ್ತ ತಲೆಯೆತ್ತಿ ಫ್ಲೆಕ್ಸ್ ಓದಿದರು. ಗೆಣಸು ಪೂರ್ತಿ ತಿಂದು, ದುಡ್ಡು ಕೊಟ್ಟು, ಕಚೇರಿಗೆ ಹೋಗಿ ನೋಟಿಸ್ ಕಳಿಸಿದರು:

'ತಾವು ನಾಲ್ಕು ಚಕ್ರದ ವಾಹನದ ಮಾಲೀಕರೆಂದು ಸಾರ್ವಜನಿಕವಾಗಿ ಘೋಷಿಸಿಕೊಂಡಿರುವುದರಿಂದ, ತಮ್ಮ ಬಿಪಿಎಲ್ ಕಾರ್ಡನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಹದಿನೈದು ದಿನದೊಳಗೆ ಕಾರಣ ತಿಳಿಸತಕ್ಕದ್ದು. ಅಲ್ಲಿಯವರೆಗೆ ಅಕ್ಕಿಯನ್ನು ತಡೆಹಿಡಿಯಲಾಗಿದೆ.'

ರವಿವಾರ ಬಾಳವ್ವ ಗೆಣಸಿನ ಜೊತೆ ಅದನ್ನೂ ಸೆರಗಿನಲ್ಲಿ ಕಟ್ಟಿ ತಂದಳು. "ಬಾಯಾರ, ನಾ ಸಾವ್ಕಾರ್ತಿ ಆಗೀನಂತ. ಅಕ್ಕಿ ಬಂದ್ ಮಾಡ್ಯಾರ. ಗೆಣಸ ತಿಂದ ಎಷ್ಟ ದಿನ ಇರಲ್ರಿ?"

ವಿಷಯ ಸಭೆಯ ಸಮಿತಿಯ ಮುಂದೆ ಹೋಯಿತು, ಬಾಳವ್ವನೂ ಬಾಗಿಲ ಬಳಿ ನಿಂತಳು. ಅದು ಕೈಗಾಡಿ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕೆಂದು ನಾನು ಹೇಳಿದೆ. ನನ್ನ ದನಿ ಮೇಜಿನ ಅರ್ಧದವರೆಗೆ ಮಾತ್ರ ಹೋಗಿರಬೇಕು. ಎರಡು ಸಲ ಹೇಳಬೇಕಾಯಿತು.

"ಸಿಸ್ಟರ್," ಎಂದರು ಪಾಸ್ಟರ್ ಮೃದುವಾಗಿ, "ರಾಜನ ಮಗಳು ಬಡವಿ ಅಂತ ರಾಜನ ಮನಿಯವರ ಬರದು ಕೊಡೂದ? ನೋಡಿದವರು ಏನಂತಾರ?"

ಖಜಾಂಚಿ ವಿಕ್ರಮ ಅವರಿಗೆ ನಿಯಮಗಳು ಬಾಯಿಪಾಠ. ಅವರ ಬಳಿ ದೊಡ್ಡ ಕಾರಿದೆ, ಬಿಪಿಎಲ್ ಕಾರ್ಡೂ ಇದೆ. ಇದರಲ್ಲಿ ಯಾವ ತೊಡಕೂ ಇಲ್ಲವೆಂದು ಅವರು ಹಿಂದೆಯೇ ಬೆಳಗಾವಿಯ ಘಟಕದಿಂದ ಬರೆಸಿಕೊಂಡಿದ್ದಾರೆ.

"ನಿಯಮದಾಗ ನಾಲ್ಕು ಚಕ್ರ ಅಂತ ಐತಿ. ನನ್ನ ಗಾಡಿಗೆ ಸ್ಟೆಪ್ನಿ ಹಿಡದು ಐದು. ಹಂಗಾಗಿ ನನಗ ಅನ್ವಯ ಆಗಂಗಿಲ್ಲ," ಎಂದು ವಿವರಿಸಿದರು. "ಬಾಳವ್ವಾ, ನೀನೂ ಒಂದು ಗಾಲಿ ಹೆಚ್ಚಿಂದು ತಗೊಂಡು ಗಾಡಿಗೆ ಕಟ್ಟಿಬಿಡು. ಮುಗೀತು."

"ಗಾಲಿಗೆ ಎಷ್ಟ ಬೀಳತೈತ್ರಿ?"

ವಿಕ್ರಮ ಹೇಳಿದರು.

"ಅಷ್ಟ ರೊಕ್ಕ ಇದ್ರ ಅಕ್ಕಿನ ತಗೋತಿದ್ನೆಲ್ರಿ, ಸಾಹೇಬ್ರ."

ಈ ಉತ್ತರದಲ್ಲಿ ವಿಶ್ವಾಸ ಕಡಿಮೆಯಿದೆ, ಲೆಕ್ಕ ಮಾತ್ರ ಸರಿಯಿದೆ ಎಂದು ಸಮಿತಿ ಅಭಿಪ್ರಾಯಪಟ್ಟಿತು. ವಿಷಯವನ್ನು ಖಾನಾಪುರದಲ್ಲೇ ಬಗೆಹರಿಸಿಕೊಂಡು ಬರಲು ನನ್ನನ್ನು ಕಳಿಸಿದರು.

ರೈಲು ದೇಸೂರು ದಾಟುವಷ್ಟರಲ್ಲಿ ನಿರೀಕ್ಷಕರಿಗೆ ಹೇಳಬೇಕಾದ ಮಾತನ್ನು ನಾನು ಇಂಗ್ಲಿಷಿನಲ್ಲಿ ನಾಲ್ಕು ಸಲ, ಕನ್ನಡದಲ್ಲಿ ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ. ಖಾನಾಪುರದಲ್ಲಿ ಯಲ್ಲೇಶ ಅವರು ಆಗಲೇ ಗಾಲಿ ಎಣಿಸುತ್ತಿದ್ದರು. ಎಡದಿಂದ ಒಂದು ಸುತ್ತು, ಖಾತ್ರಿಗಾಗಿ ಬಲದಿಂದ ಒಂದು ಸುತ್ತು.

"ನಾಲ್ಕು," ಎಂದು ಬರೆದುಕೊಂಡರು. "ಹಳದಿ ಬೋರ್ಡ್ ಐತೇನು?"

"ಬೋರ್ಡ ಇಲ್ರಿ," ಎಂದಳು ಬಾಳವ್ವ.

"ಹಳದಿ ಇಲ್ಲಂದ್ರ ಖಾಸಗಿ ವಾಹನ."

"ಸರ್, ಎಂಜಿನ್ ಇಲ್ಲ," ಎಂದೆ ನಾನು. ಆರು ಸಲ ಅಭ್ಯಾಸ ಮಾಡಿದ್ದರಲ್ಲಿ ಹೊರಬಂದದ್ದು ಇಷ್ಟೇ.

"ನಿಯಮದಾಗ ಗಾಲಿ ಎಣಸ್ರಿ ಅಂತ ಐತ್ರಿ, ಮೇಡಂ. ಎಂಜಿನ್ ನೋಡ್ರಿ ಅಂತ ಇಲ್ಲ. ಎಂಜಿನ್ ನೋಡಾಕ ಹತ್ತಿದ್ರ, ಕಾರ್ ಕೆಟ್ಟ ನಿಂತವರೆಲ್ಲಾ ಬಡವರ ಅಂತ ಬರ್ತಾರ."

ಹೀಗೆ ಹೇಳಿದರೂ ಅವರಿಗೂ ಬೇಸರವಾಗಿತ್ತು. ಆರು ವರ್ಷದಿಂದ ಇದೇ ಗಾಡಿಯ ಗೆಣಸು ತಿಂದವರು. ಫ್ಲೆಕ್ಸಿನ ಕಡೆಗೇ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: "ನಾನು ಎಣಸೂದು ಖಾನಾಪುರ ತಾಲೂಕಿನ್ಯಾಗಿನ ಗಾಲಿ ಅಷ್ಟ. ಬೆಳಗಾವ್ಯಾಗ ಎಷ್ಟರ ಇರಲಿ. ಅದು ನನ್ನ ವ್ಯಾಪ್ತಿ ಅಲ್ಲ."

ಪಕ್ಕದ ಸೈಕಲ್ ಅಂಗಡಿಯಿಂದ ನಟ್ಟು ಬಿಚ್ಚುವ ಪಾನಾ ತಂದು ಒಂದು ಗಾಲಿ ಬಿಚ್ಚಿದೆವು. ಸಂಜೆಯ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬೆಳಗಾವಿಗೆ ಬಂದೆ. ಎದುರಿಗೆ ಕೂತವರು ಯಾರೂ ಏನೂ ಕೇಳಲಿಲ್ಲ. ನಮ್ಮ ಕಡೆ ಜನರು ರೈಲಿನಲ್ಲಿ ಇದಕ್ಕಿಂತ ದೊಡ್ಡದನ್ನು ಒಯ್ಯುತ್ತಾರೆ.

ಸಮಿತಿ ನಿರ್ಣಯ ಬರೆಯಿತು: 'ಖಾನಾಪುರದಲ್ಲಿ ಮೂರು, ಬೆಳಗಾವಿಯಲ್ಲಿ ಒಂದು, ಒಟ್ಟು ನಾಲ್ಕು. ಸಾಕ್ಷಿ ಊರ್ಜಿತ.' ಗಾಲಿಯನ್ನು ವೇದಿಕೆಯ ಬಲಗಡೆ ನಿಲ್ಲಿಸಿ ದೀಪದ ಸರ ಸುತ್ತಿದರು. ಅತ್ತ ಯಲ್ಲೇಶ ಅವರು 'ಮೂರು' ಎಂದು ಬರೆದು ಅಕ್ಕಿ ಬಿಡುಗಡೆ ಮಾಡಿದರು. ಇದ್ದವರು ಒಂದು ಗಾಲಿ ಕೂಡಿಸಿ ಬಡವರಾದರು, ಇಲ್ಲದವಳು ಒಂದು ಗಾಲಿ ಕಳೆದು ಬಡವಳಾದಳು. ನಿಯಮ ಎಲ್ಲರಿಗೂ ಒಂದೇ ಎಂಬುದು ಇದರಿಂದ ತಿಳಿಯುತ್ತದೆ.

ತಿಂಗಳ ನಂತರ ಮರುತನಿಖೆಗೆ ಸಭೆಯ ಪ್ರತಿನಿಧಿಯಾಗಿ ಮತ್ತೆ ಹೋದೆ. ಸ್ಟೇಷನ್ನಿನ ಏರಿನಲ್ಲಿ ಬಾಳವ್ವ ಮೂರು ಗಾಲಿಯ ಗಾಡಿ ದಬ್ಬಿಕೊಂಡು ಬರುತ್ತಿದ್ದಳು. ಗಾಡಿ ತುಸು ವಾಲಿತ್ತು, ನಿಂತಿರಲಿಲ್ಲ.

"ಇದ ಹೆಂಗ ಹೊಂಟೈತಿ?" ಎಂದರು ಯಲ್ಲೇಶ.

"ಗೆಣಸ, ಒಲಿ ಎಲ್ಲಾ ಈ ಬಾಜೂ ಒಟ್ಟೀನ್ರಿ. ಏರಿನ್ಯಾಗ ಆ ಮೂಲಿ ಅವ ಹಿಡೀತಾನ."

"ಅವ ಅಂದ್ರ ಯಾರವಾ? ಕಾರ್ಡಿನ್ಯಾಗ ನೀ ಒಬ್ಬಾಕಿನ ಅದೀ." ಅವರು ತಕ್ಷಣ ಹೊಸ ಹಾಳೆ ತೆಗೆದರು. ಕಾರ್ಡಿನಲ್ಲಿ ಇಲ್ಲದವರು ಮನೆಯಲ್ಲಿದ್ದರೆ ಹದಿನೈದು ದಿನದೊಳಗೆ ಸೇರಿಸಬೇಕು, ಅವರ ಸ್ಥಿತಿಗತಿಯನ್ನೂ ವಿಚಾರಿಸಬೇಕು. "ಹೆಸರು?"

"ನಮ್ಮ ಪಾಸ್ಟರ್ ರಾಜ ಅಂತಾರ್ರಿ."

"ರಾಜ," ಎಂದು ಬರೆದರು. "ಏನ್ ಕೆಲಸ?"

"ಮೊದಲ ಬಡಿಗಿ ಕೆಲಸ ಮಾಡ್ತಿದ್ದ. ಆಮ್ಯಾಲೆ ಬಿಟ್ಟ."

"ಸ್ವಂತ ಮನಿ?"

"ಇಲ್ರಿ. ಹುಟ್ಟಿದ್ದ ಸೈತ ದನದ ಕೊಟಗ್ಯಾಗ."

"ವಾಹನ?"

"ಒಮ್ಮಿ ಕತ್ತಿಮರಿ ಮ್ಯಾಲ ಕುಂತಿದ್ದನಂತ. ಅದೂ ಮಂದಿದು, ಕೇಳಿ ತಂದದ್ದು."

ಯಲ್ಲೇಶ ಅವರು ನನ್ನ ಕಡೆ ನೋಡಿದರು. ಬೈಬಲ್ಲಿನಲ್ಲಿ ಇರುವುದೂ ಅಷ್ಟೇ; ಎಲ್ಲಾ ಖರೆ ಎಂದು ನಾನು ತಲೆಯಾಡಿಸಿದೆ. ಅವರು ಹಾಳೆಯ ಕೆಳಗೆ 'ಸಂಪೂರ್ಣ ಅರ್ಹರು' ಎಂದು ಬರೆದು ಸಹಿ ಮಾಡಿದರು. ಅವರ ಸೇವಾವಧಿಯಲ್ಲಿ ಇಷ್ಟು ಸ್ಪಷ್ಟವಾದ ಪ್ರಕರಣ ಬಂದಿರಲಿಲ್ಲವಂತೆ.

"ವಿಳಾಸ? ಬೆಳಗಾವಿ ಚರ್ಚಿಂದು ಬರೀಲೇನು?"

"ಬ್ಯಾಡ್ರಿ. ರವಿವಾರ ನನ್ನ ಕೂಡ ಅಲ್ಲಿಗೆ ಬರ್ತಾನ ಖರೆ. ಉಳದ ದಿನ ಇಲ್ಲೆ ಸ್ಟೇಷನ್ ರೋಡಿನ್ಯಾಗ ಇರ್ತಾನ."

ಆಧಾರ್ ಮಾತ್ರ ಇರಲಿಲ್ಲ. ಹೀಗಾಗಿ ಕಾರ್ಡಿನಲ್ಲಿ ಈಗ ಸದಸ್ಯರು ಇಬ್ಬರು, ಅಕ್ಕಿ ಒಬ್ಬರದು. ಸಾಲುತ್ತದೆಯೇ ಎಂದು ಯಲ್ಲೇಶ ಕೇಳಿದರು. ಸಾಲತೈತ್ರಿ, ಎಂದಳು ಬಾಳವ್ವ, ಅವಗ ಹಂಚಿಕೊಂಡ ತಿಂದ ರೂಢಿ ಐತಿ.

ಹಾಳೆಯ ಒಂದು ಪ್ರತಿ ನಮ್ಮ ಕಚೇರಿಗೂ ಬಂತು. ಸಭೆಯ ಸದಸ್ಯರ ಮನೆಯಲ್ಲಿ ಇರುವವರೆಲ್ಲರಿಗೂ ನಮೂನೆ 4 ಕಡ್ಡಾಯ. ತುಂಬುವುದು ನನ್ನ ಕೆಲಸ, ತುಂಬಿದೆ. ನಿವೇಶನ: ಇಲ್ಲ. ವಾಹನ: ಇಲ್ಲ. ಬಂಗಾರ: ಹುಟ್ಟಿದಾಗ ಯಾರೋ ತಂದುಕೊಟ್ಟಿದ್ದರು, ಈಗ ವಿವರ ಲಭ್ಯವಿಲ್ಲ. ವಿದೇಶ ಪ್ರಯಾಣ: ಕೂಸಿದ್ದಾಗ ಒಮ್ಮೆ, ಜೀವ ಉಳಿಸಿಕೊಳ್ಳಲು. ಕೋರ್ಟು: ಸೋಲು.

ಪಾಸ್ಟರ್ ಅವಸರದಲ್ಲಿದ್ದರು. ಮುಂದಿನ ಫ್ಲೆಕ್ಸಿನ ಅಳತೆ ನೋಡುತ್ತಿದ್ದರು. "ಯಾರಿವ ರಾಜ? ಎಷ್ಟ ವರ್ಷ ಆತು?"

"ಮೂರು ವರ್ಷದ ಮ್ಯಾಲ ಆಗೈತಿ ಸರ್."

"ಮೂರು ವರ್ಷದಾಗ ಒಂದೂ ಇಲ್ಲ? ಬಾಕಿ ಪಟ್ಟಿಗೆ ಹಾಕ್ರಿ." ಸಹಿ ಮಾಡಿದರು. ವಿಕ್ರಮ ಅನುಮೋದಿಸಿದರು. ಸರ್ವಾನುಮತ.

ಮುಂದಿನ ರವಿವಾರ ಬಾಳವ್ವ ಬಂದು ನೋಟಿಸ್ ಬೋರ್ಡಿನ ಮುಂದೆ ನಿಂತಳು. ಅವಳಿಗೆ ಓದಲು ಬರುವುದಿಲ್ಲ. ಯಾರ ಹೆಸರು ಎಂದು ಕೇಳಿದಳು, ನಾನು ಹೇಳಿದೆ. ಅವಳು ಹಿಂದೆ ಹೋಗಿ ಫ್ಯಾನ್ ಇಲ್ಲದ ಸಾಲಿನಲ್ಲಿ ಕೂತಳು.

"ಮಾವಶಿ, ನಿಮ್ಮ ಜಾಗಾ ಮುಂದ ಫ್ಯಾನಿನ ಕೆಳಗ ಐತಿ."

"ಅವಗ ಇಲ್ಲೆ ಹಾಕ್ಯಾರಲ್ರಿ," ಎಂದು ಬಾಳವ್ವ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು. ಸೆರಗು ಬಿಚ್ಚಿ ಅಲ್ಲೊಂದು ಗೆಣಸು ಇಟ್ಟಳು, ನನಗೊಂದು ಕೊಟ್ಟಳು.

ವೇದಿಕೆಯ ಮೇಲೆ ಗಾಲಿಯ ದೀಪ ಹತ್ತಿತು, ಪ್ರಾರ್ಥನೆ ಶುರುವಾಯಿತು. ಹಾಜರಿ ಪುಸ್ತಕದಲ್ಲಿ ಹಿಂದಿನ ಸಾಲಿಗೆ ನಾನು 'ಇಬ್ಬರು' ಎಂದು ಬರೆದೆ. ಪಾಸ್ಟರ್ ಅದಕ್ಕೂ ಸಹಿ ಮಾಡಿದರು.